ತಲೆಯ ಕಡೆ ನಿಂತವರು

ತುರ್ತು ಚಿಕಿತ್ಸೆಯ ಕೋಣೆಗೆ ಹೆರಿಗೆ ನೋವಿನ ಹೆಂಗಸು ಬಂದಳೆಂದರೆ ಎಲ್ಲರ ಕಣ್ಣೂ ಮಗು ಬರುವ ದಾರಿಯನ್ನೇ ಕಾಯುತ್ತವೆ. ಅಂಥ ಹೊತ್ತಿನಲ್ಲಿ ತಾಯಿಯ ಮುಖವನ್ನೂ ನೋಡಬೇಕೆಂದು ವೈದ್ಯರಿಗೂ ಆಂಬುಲೆನ್ಸ್ ಸಿಬ್ಬಂದಿಗೂ ಕಲಿಸಿದ ಹಿರಿಯ ವೈದ್ಯೆ, ಎಲ್ಲರ ಬಾಯಲ್ಲೂ ‘ದೊಡ್ಡ ಮೇಡಂ’ ಆದವರು, ಈಗ ನಿವೃತ್ತರಾಗುತ್ತಿದ್ದಾರೆ.

ಅವರು ಕೆಲಸಕ್ಕೆ ಸೇರಿದಾಗ ತುರ್ತು ವಿಭಾಗವೆಂದರೆ ನಟ್ಟನಡುವೆ ಕಂಬವಿದ್ದ ಒಂದು ಕೋಣೆ, ಕಾಲು ಕುಂಟುವ ಮಂಚಗಳು. ಬಂದ ಹೊಸತರಲ್ಲೇ ಅವರೊಂದು ಕಟ್ಟಳೆ ಮಾಡಿದರು: ಹೆರಿಗೆಯ ವೇಳೆ ಒಬ್ಬರು ತಲೆಯ ಕಡೆ ನಿಲ್ಲಬೇಕು, ಬೇರೇನೂ ಮುಟ್ಟದೆ ತಾಯಿಯ ಜೊತೆ ಮಾತಾಡುತ್ತಲೇ ಇರಬೇಕು. ಕಿರಿಯರು ಅದಕ್ಕೆ ‘ಹರಟೆ ಡ್ಯೂಟಿ’ ಎಂದು ಹೆಸರಿಟ್ಟರು.

“ಹರಟೆ ಹೊಡೆಯೋಕೂ ಕಿವಿ ಬೇಕಪ್ಪಾ” ಎಂದರು ಮೇಡಂ. ಕೋಪ ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ರೋಗಿಯ ಎದುರು ಅವರು ಯಾರನ್ನೂ ಬೈದವರಲ್ಲ.

ಕೆಲವು ವರ್ಷಗಳ ನಂತರದ ಒಂದು ಮಧ್ಯಾಹ್ನ ಚೊಚ್ಚಲ ಬಸುರಿಯೊಬ್ಬಳನ್ನು ಆಂಬುಲೆನ್ಸ್ ನರ್ಸ್ ಓಡುತ್ತಲೇ ಒಳಗೆ ತಂದ. “ಇನ್ನೇನು ಬಂತು ಮೇಡಂ, ತಿಣುಕೋಕೆ ಶುರು ಮಾಡಿದ್ದಾಳೆ!” ನಿಜ, ಹೆರಿಗೆ ಮಗು ಹೊರಬರುವ ಹಂತ ತಲುಪಿತ್ತು. ಎಲ್ಲರೂ ಕಾಲ ಕಡೆ ಸೇರಿದರು. ಮೇಡಂ ತಲೆಯ ಕಡೆ ನಿಂತು, ನೋವಿಗೆ ಗಂಡನನ್ನು ಬೈಯುತ್ತಿದ್ದ ಅವಳ ಕೈ ಹಿಡಿದರು.

“ಗಂಡನ್ನ ಇಷ್ಟು ಬೈತೀಯಲ್ಲಮ್ಮಾ, ಸ್ವಲ್ಪ ನಾಳೆಗೂ ಇಟ್ಕೋ.”

ಅವಳು ನಗಲಿಲ್ಲ. “ಅಮ್ಮಾ, ಆ ಲೈಟು ಯಾಕೆ ಮಿಣಮಿಣ ಅಂತಿದೆ?”

ಲೈಟು ನೆಟ್ಟಗೇ ಉರಿಯುತ್ತಿತ್ತು. ಮೇಡಂ ಅವಳ ಮುಖದ ಹತ್ತಿರ ಬಾಗಿದರು. “ತಲೆನೋವಿದೆಯಾ?” ಎಂದರು.

“ಬೆಳಗ್ಗೆಯಿಂದ ಅದೇ ಗೋಳು” ಎಂದಳು ಜೊತೆಗಿದ್ದ ನಾದಿನಿ. “ಎದೆಗೂಡಿನ ಕೆಳಗೂ ನೋವಂತೆ. ಗ್ಯಾಸ್ ಅಂತ ಸೋಡಾ ಕುಡಿಸಿದ್ವಿ.”

“ಬಿಪಿ?”

ನರ್ಸ್ ತಡವರಿಸಿದ. “ಜಾಸ್ತಿನೇ ಇತ್ತು ಮೇಡಂ. ನೋವಿಗೆ ಏರಿದೆ ಅಂದ್ಕೊಂಡೆ.”

ಬಹಳ ಹೆರಿಗೆಗಳನ್ನು ಕಂಡವರೇ ಮಾಡುವ ತಪ್ಪು ಅದು. ಮೇಡಂ ದನಿ ಏರಿಸಲಿಲ್ಲ. “ನೋವು ಇಳಿದಾಗ ಮತ್ತೆ ನೋಡು.” ನೋವು ಇಳಿಯಿತು, ಬಿಪಿ ಇಳಿಯಲಿಲ್ಲ. ಬಸುರಿನ ರಕ್ತದೊತ್ತಡ ತಲೆಗೇರಿತ್ತು. ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬಂದು ತಾಯಿ ಮಗು ಇಬ್ಬರನ್ನೂ ಕೊಂಡೊಯ್ಯಬಹುದಿತ್ತು. ಫಿಟ್ಸ್ ತಡೆಯುವ ಮೆಗ್ನೀಷಿಯಂ, ಬಿಪಿ ಇಳಿಸುವ ಔಷಧಿ ಒಂದರ ಹಿಂದೊಂದು ಹೋದವು. ಹೆರಿಗೆ ತಜ್ಞೆ ಓಡಿ ಬಂದರು. ಮಗು ಅತ್ತಿತು. ಕೋಣೆಗೆ ಕೋಣೆಯೇ ಅದರ ಸುತ್ತ ನೆರೆಯಿತು.

“ಮುಗೀತಲ್ಲ ಮೇಡಂ, ಕೂತ್ಕೊಳ್ಳಿ” ಎಂದಳು ನಾದಿನಿ, ಕಣ್ಣೊರೆಸುತ್ತ.

“ಮಗುವಿಂದು ಮುಗೀತು. ಇವಳದು ಇನ್ನೂ ಇದೆ.” ಹೆತ್ತ ಮೇಲೂ ಫಿಟ್ಸ್ ಬರಬಹುದೆಂದು ಬಲ್ಲ ಮೇಡಂ ಜಾಗ ಬಿಟ್ಟು ಕದಲಲಿಲ್ಲ. ಸಂಜೆಗೆ ಬಿಪಿ ಹಿಡಿತಕ್ಕೆ ಬಂತು. ಬಾಣಂತಿ ಕಣ್ಣು ತೆರೆದು, “ಹಸಿವಾಗ್ತಿದೆ” ಎಂದಾಗ ಮೇಡಂ ಗೋಡೆಗೆ ಒರಗಿದರು. ಬಾಗಿಲಲ್ಲೇ ಕಾದಿದ್ದ ನರ್ಸನ್ನು ಕರೆದು, “ಇನ್ನು ನೀನು ನಿಂತ್ಕೋ” ಎಂದರು. ಅವನು ಬೈಗುಳ ನಿರೀಕ್ಷಿಸಿದ್ದ, ಸಿಕ್ಕಿದ್ದು ಕೆಲಸ.

ಅವನೇ ಈಗ ಆಂಬುಲೆನ್ಸ್ ತರಬೇತಿಯ ಮುಖ್ಯಸ್ಥ. ಮುಂದಿನ ತಿಂಗಳಿಂದ ಮೇಡಂ ಅವನ ತರಗತಿಗೆ ಪಾಠಕ್ಕೆ ಬರುತ್ತಾರಂತೆ. ಅವರ ಆಯುಷ್ಯ ಬೆಳೆಯಲಿ, ದನಿ ಗಟ್ಟಿಯಾಗಿರಲಿ. ನಿಲ್ಲುವ ಕೆಲಸ ಇನ್ನು ಕಿರಿಯರಿಗಿರಲಿ. ಕಿರಿಯರು ಎಡವಿದಾಗ ಗದರಲು ಮೇಡಂ ನೂರು ಕಾಲ ಇರಲಿ.