ಯಮನೂರಪ್ಪನನ್ನು ಕರೆಯುತ್ತಿದ್ದ ಹುಲಿಗೆಮ್ಮ

"ಏ ಯಮನೂರಪ್ಪಾ! ಅಲ್ಲೇ ನಿಂದ್ರೋ, ಹುಡುಗ್ಯಾರ್ನ ಕರಕೊಂಡು ಬರಾಕತ್ತೀನಿ!"

ಹೆದ್ದಾರಿಯ ಕ್ರಾಸಿನಲ್ಲಿ ನಾವು ಬಸ್ಸಿಳಿದ ಕೂಡಲೇ ಹುಲಿಗೆಮ್ಮ ಹೀಗೆ ಕೂಗು ಹಾಕುತ್ತಿದ್ದಳು. ಈ ಹೊಲದಲ್ಲಿ ನಿಂತು ಮೂರನೆಯ ಹೊಲದವರನ್ನು ಕರೆದು ಪಳಗಿದ ಗಂಟಲು. ಕ್ರಾಸಿನಿಂದ ನಮ್ಮ ವಿಶ್ವವಿದ್ಯಾಲಯದ ಗೇಟಿಗೆ ಹದಿನೈದು ನಿಮಿಷದ ಮಣ್ಣುದಾರಿ. ಎರಡೂ ಬದಿಗೆ ಆಳೆತ್ತರದ ಜಾಲಿ, ನಡುವೆ ಬಾಗಿಲಿಲ್ಲದ ಒಂದು ಹಾಳು ಪಂಪ್‌ಹೌಸ್. ಆ ದಾರಿಯುದ್ದಕ್ಕೂ ಅವಳು ಯಮನೂರಪ್ಪನನ್ನು ಮಾತಾಡಿಸುತ್ತಲೇ ಇರುತ್ತಿದ್ದಳು. "ನಾಯಿ ಕಟ್ಟೀಯೇನೋ? ಬಿಡಬ್ಯಾಡ, ಮೊನ್ನಿ ಯಾರಿಗೋ ಕಡದೈತಿ!" ಪಂಪ್‌ಹೌಸ್ ಹತ್ತಿರ ಬಂದಾಗ ದನಿ ಇನ್ನಷ್ಟು ಏರುತ್ತಿತ್ತು. "ಕೆಮ್ಮು ಹೆಂಗೈತೋ? ಶುಂಠಿ ಚಾ ಕುಡಿ ಅಂದ್ರ ಕೇಳಂಗಿಲ್ಲ ನೀ!" ಯಮನೂರಪ್ಪ ಉತ್ತರ ಕೊಟ್ಟದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಜಾಲಿಯ ಆಚೆ ಹೊಲ ಕಾಯುವವನು, ಗಾಳಿ ಆ ಕಡೆಗೆ ಬೀಸುತ್ತಿರಬೇಕು ಅಂದುಕೊಂಡಿದ್ದೆ. ಎಂ.ಎ.ಗೆ ಸೇರಿದ ಹುಡುಗಿಯ ಬುದ್ಧಿ ಅಷ್ಟು!

ಹುಲಿಗೆಮ್ಮ ತಾವರಗೇರಾದವಳು. ವಯಸ್ಸು ಐವತ್ತರ ಆಚೆ ಈಚೆ. ಯಾವುದೋ ಏಜೆನ್ಸಿಯವರು ಅವಳನ್ನು ನಮ್ಮ ಗೇಟಿಗೆ ಸೆಕ್ಯೂರಿಟಿಯಾಗಿ ಹಾಕಿದ್ದರು. ಇಳಕಲ್ ಸೀರೆಯ ಮೇಲೆ ಏಜೆನ್ಸಿಯ ನೀಲಿ ಅಂಗಿ. ಗಂಡಸರ ಅಳತೆಯದು, ತೋಳನ್ನು ಎರಡು ಸುತ್ತು ಮಡಚಿದರೂ ಬೆರಳವರೆಗೆ ಇಳಿಯುತ್ತಿತ್ತು. ಕೈಯಲ್ಲಿ ಬಿದಿರಿನ ಬಡಿಗೆ, ಕೊರಳಲ್ಲಿ ಸೀಟಿ. ಆ ಸೀಟಿಯನ್ನು ಅವಳು ಊದಿದ್ದು ನಾನು ಕಂಡಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಸೀಟಿ ಊದಿದ್ರ ಯಾರೂ ಕಳ್ಳನ್ನ ನೋಡಂಗಿಲ್ಲ ಬೇ, ಹುಡುಗೀನ ನೋಡ್ತಾರ" ಅಂದಿದ್ದಳು. ಅವಳ ಕೆಲಸ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವುದಷ್ಟೇ. ಕ್ರಾಸಿನವರೆಗೆ ಬಾ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಂಜೆಯ ಪ್ರತಿಯೊಂದು ಬಸ್ಸಿಗೂ ಅವಳು ತಾನಾಗಿಯೇ ನಡೆದುಬರುತ್ತಿದ್ದಳು.

ಆ ವಿಶ್ವವಿದ್ಯಾಲಯ ಯಾವುದು ಎಂದು ನಾನು ಬರೆಯುವುದಿಲ್ಲ. ನಮ್ಮ ಕಡೆಯದೇ ಎಂದಷ್ಟು ಗೊತ್ತಾದರೆ ಸಾಕು. ಹೆಸರು ಬರೆದರೆ ಅಲ್ಲಿ ಓದುತ್ತಿರುವ ಹುಡುಗಿಯರನ್ನು ಮನೆಯವರು ನಾಳೆಯೇ ಬಂದು ಕರೆದುಕೊಂಡು ಹೋಗುತ್ತಾರೆ. ಇದು ಬರೀ ಮಾತಲ್ಲ. ನನ್ನ ಅಪ್ಪನೂ ಹಾಗೆಯೇ ಇದ್ದವನು. ಹನುಮಸಾಗರದಲ್ಲಿ ನಮ್ಮದು ಕಿರಾಣಿ ಅಂಗಡಿ. ನಮ್ಮ ಮನೆತನದಲ್ಲಿ ಊರು ಬಿಟ್ಟು ಓದಲು ಹೊರಟ ಮೊದಲ ಹೆಣ್ಣುಮಗಳು ನಾನು. ಹಾಸ್ಟೆಲಿಗೆ ಬಿಡಲು ಬಂದ ದಿನ ಅಪ್ಪ ಟ್ರಂಕು ಇಳಿಸಿ ಒಂದೇ ಮಾತು ಹೇಳಿದ್ದ: "ಹೆಚ್ಚುಕಡಿಮಿ ಒಂದ ಸುದ್ದಿ ನನ್ನ ಕಿವಿಗೆ ಬಿತ್ತಂದ್ರ, ಅವತ್ತ ಗಂಟು ಕಟ್ಟಬೇಕು ನೋಡವಾ." ಸಿಟ್ಟಿನಿಂದ ಹೇಳಿದ್ದಲ್ಲ, ಹೆದರಿ ಹೇಳಿದ್ದು. ದಿನಾ ಸಂಜೆ ಏಳಕ್ಕೆ ಅವನ ಫೋನು ಬರುತ್ತಿತ್ತು. "ರೂಮಿನ್ಯಾಗ ಅದಿಯಿಲ್ಲ?" ಹೂಂ ಅಂದರೆ ಮುಗಿಯಿತು, ಬೇರೆ ಮಾತಿಲ್ಲ.

ಹಾಸ್ಟೆಲಿನ ಎಲ್ಲರ ಪಾಡೂ ಹೀಗೆಯೇ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪಾಠದ ಸುದ್ದಿಗಿಂತ "ಹಾಸ್ಟೆಲ್ ಮುಟ್ಟಿದೆ", "ಆಕಿ ಬಂದಳಾ?", "ಪಂಪ್‌ಹೌಸ್ ಹತ್ರ ಯಾರೋ ಅದಾರಂತ" ಇಂಥವೇ ಜಾಸ್ತಿ. ಹುಡುಗನೊಬ್ಬನ ಮೊಬೈಲನ್ನು ಬೈಕಿನವರು ಕಸಿದುಕೊಂಡು ಹೋದ ಸುದ್ದಿ ಒಂದು ದಿನ, ಗ್ರಂಥಾಲಯದ ಹಿಂದೆ ಯಾರೋ ಇಣುಕಿದ ಸುದ್ದಿ ಇನ್ನೊಂದು ದಿನ. ಯಾವುದು ನಿಜ, ಯಾವುದು ಸುಳ್ಳು ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ವಿಚಾರಿಸಿದರೆ ಆಫೀಸಿಗೆ ಗೊತ್ತಾಗುತ್ತದೆ, ಆಫೀಸಿನವರು ಮೊದಲು ಮನೆಗೆ ಫೋನು ಮಾಡುತ್ತಾರೆ. ಹಿಂದಿನ ವರ್ಷ ಯಲಬುರ್ಗಾ ಕಡೆಯ ಹುಡುಗಿಯೊಬ್ಬಳು ಯಾರೋ ಹಿಂದೆ ಬೀಳುತ್ತಿದ್ದಾರೆಂದು ದೂರು ಕೊಟ್ಟಿದ್ದಳಂತೆ. ಮೂರನೆಯ ದಿನ ಅವಳ ಕಾಟು ಖಾಲಿಯಾಗಿತ್ತು. ಆ ಕಾಟಿನ ಮೇಲೆಯೇ ಈಗ ನಾನು ಮಲಗುತ್ತಿದ್ದೆ. ದಾರಿಯಲ್ಲಿರುವವನ ಹೆದರಿಕೆ ಒಂದು ತೂಕವಾದರೆ ಅಪ್ಪನ ಕಿವಿಯ ಹೆದರಿಕೆ ಹತ್ತು ತೂಕ.

ಪಂಚಮಿ ಹಬ್ಬಕ್ಕೆ ಊರಿಗೆ ಹೋದವಳು ಬರುವಾಗ ಎರಡು ಪೊಟ್ಟಣ ಉಂಡಿ ತಂದೆ, ಒಂದು ಹುಲಿಗೆಮ್ಮನಿಗೆ, ಒಂದು ಯಮನೂರಪ್ಪನಿಗೆ. ಕೆಮ್ಮಿನ ಮನುಷ್ಯ, ಪಾಪ, ಶೇಂಗಾ ಉಂಡಿ ಬೇಡವೆಂದು ಅವನಿಗೆ ಎಳ್ಳುಂಡಿಯನ್ನೇ ಆರಿಸಿ ಕಟ್ಟಿಸಿದ್ದೆ. ಪೊಟ್ಟಣ ಕೈಗಿತ್ತು, "ಇದು ಯಮನೂರಪ್ಪಣ್ಣಗ ಕೊಡ್ರಿ ಅಕ್ಕಾ" ಅಂದೆ. ಹುಲಿಗೆಮ್ಮ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಬಡಿಗೆ ಊರಿ ಅಲ್ಲೇ ನೆಲಕ್ಕೆ ಕೂತಳು. ನಕ್ಕಳು, ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಎಲ್ಲಿ ಯಮನೂರಪ್ಪ ಬೇ ಹುಚ್ಚಿ! ಬಡಿಗಿ ಕೊಟ್ರು, ಬ್ಯಾಟ್ರಿ ಕೊಟ್ರು, ಸೀಟಿ ಕೊಟ್ರು. ಜೋಡಿಗೊಬ್ಬ ಗಂಡಸನ್ನ ಕೊಡ್ರಿ ಅಂದ್ರ ಆಗಂಗಿಲ್ಲ ಅಂದ್ರು. ಅದಕ್ಕ ನಾನ ಒಬ್ಬನ್ನ ಮಾಡಿಟ್ಟೀನಿ. ಹೆಣ್ಣಿನ ದನಿ ಕೇಳಿದ್ರ ಹತ್ರ ಬರಾವ್ರು, ಗಂಡಸಿನ ಹೆಸರು ಕೇಳಿದ್ರ ನಿಂತ ಬಿಡ್ತಾರ."

"ಮತ್ತ ನಾಯಿ?"

"ನಾಯೀನೂ ಇಲ್ಲ."

ಯಮನೂರಪ್ಪನ ಪಾಲಿನ ಉಂಡಿಯನ್ನು ಅವಳೇ ತಿಂದು, ಛಲೋ ಆಗ್ಯಾವ ಎಂದು ಬಾಯಿ ಒರೆಸಿಕೊಂಡಳು. ನಾನೂ ನಕ್ಕೆ. ಆದರೆ ಮರುದಿನ ಅದೇ ದಾರಿಯಲ್ಲಿ ಅವಳ ಹಿಂದೆ ನಡೆಯುವಾಗ ನನಗೆ ನಗು ಬರಲಿಲ್ಲ. ಅಷ್ಟು ದಿನ ಜಾಲಿಯ ಆಚೆ ಒಬ್ಬ ಗಂಡಸು, ಒಂದು ನಾಯಿ ಇದ್ದವು. ಈಗ ಬಡಿಗೆ ಹಿಡಿದ ಒಬ್ಬ ಹೆಂಗಸು, ಅವಳ ಗಂಟಲು, ಅಷ್ಟೇ. ಹದಿನೈದು ನಿಮಿಷದ ದಾರಿ ಅರ್ಧ ತಾಸಿನಷ್ಟು ಉದ್ದವಾಯಿತು. ಹೊಸದಾಗಿ ಬಂದ ಹುಡುಗಿಯರಿಗೆ ನಾನು ಈ ಗುಟ್ಟು ಹೇಳಲಿಲ್ಲ. ನನಗಿಂತ ಹಿರಿಯರು ನನಗೆ ಯಾಕೆ ಹೇಳಿರಲಿಲ್ಲ ಎಂಬುದು ಆಗ ತಿಳಿಯಿತು.

ಎಳ್ಳಮಾವಾಸ್ಯೆ ಮುಗಿಸಿಕೊಂಡು ಊರಿನಿಂದ ಮರಳಿದ ಸಂಜೆ ನನ್ನ ಬಸ್ಸು ತಡವಾಗಿತ್ತು. ಕ್ರಾಸಿನಲ್ಲಿ ಹುಲಿಗೆಮ್ಮ ಇರಲಿಲ್ಲ. ಮೊದಲು ಬಂದ ಬಸ್ಸಿನವರನ್ನು ಕರೆದುಕೊಂಡು ಗೇಟಿನ ಕಡೆ ಹೋಗಿದ್ದಳು, ದೂರದಲ್ಲಿ ಅವಳ ಕೂಗು ಕೇಳುತ್ತಿತ್ತು. ತಾನಿಲ್ಲದಾಗ ಕ್ರಾಸಿನ ಚಹಾ ಅಂಗಡಿ ಮುಂದೆಯೇ ನಿಂತಿರಬೇಕು, ಹೆಜ್ಜೆ ಕೀಳಬಾರದು ಎಂದು ಅವಳು ನೂರು ಸಲ ಹೇಳಿದ್ದಳು. ಆದರೆ ಏಳಾಗಲು ಹತ್ತೇ ನಿಮಿಷ ಇತ್ತು. ಅಪ್ಪನ ಫೋನು ಬಂದಾಗ ಹಿಂದೆ ಲಾರಿಯ ಸದ್ದು ಕೇಳಿಸಿದರೆ ಏನು ಹೇಳಲಿ? ಹೊರಟುಬಿಟ್ಟೆ.

ಒಂದು ಬೈಕು ನನ್ನನ್ನು ದಾಟಿ ಮುಂದೆ ಹೋಯಿತು. ತಿರುಗಿ ಬಂತು. ನಂಬರ್ ಪ್ಲೇಟಿಗೆ ಕೆಸರು ಬಳಿದಿತ್ತು. ಬೈಕಿನವನ ಕೈ ನನ್ನ ಹೆಗಲಿಗೆ ಬಿದ್ದದ್ದು, ವೇಲು ಕುತ್ತಿಗೆಗೆ ಬಿಗಿದದ್ದು, ನಾನು ಮೊಣಕಾಲೂರಿ ಬಿದ್ದದ್ದು ಎಲ್ಲ ಒಂದೇ ಸಲಕ್ಕೆ ಆಯಿತು. ಕೂಗಬೇಕಿತ್ತು. ಯಮನೂರಪ್ಪನ ಹೆಸರನ್ನಾದರೂ ಕರೆಯಬೇಕಿತ್ತು. ಕೂಗಲಿಲ್ಲ. ಕೇಳಿಸಿದ್ದು ಹುಲಿಗೆಮ್ಮನ ದನಿ. ಬಡಿಗೆ ಎತ್ತಿ, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ಬೈಯುತ್ತಾ ಗೇಟಿನ ಕಡೆಯಿಂದ ಓಡಿಬಂದಳು. ಬೈಕು ಹೆದ್ದಾರಿಗೆ ಏರಿ ಕಾಣದಾಯಿತು.

ಅವಳು ನನ್ನ ಬಾಟಲಿಯ ನೀರಿನಿಂದಲೇ ನನ್ನ ಮೊಣಕಾಲು ತೊಳೆಯುತ್ತಿರುವಾಗ ಫೋನು ಬಂತು. "ರೂಮಿನ್ಯಾಗ ಅದಿಯಿಲ್ಲ?" "ಹೂಂ" ಅಂದೆ. ಫೋನಿಟ್ಟು ಹುಲಿಗೆಮ್ಮನ ಕೈ ಹಿಡಿದುಕೊಂಡೆ. "ಯಾರಿಗೂ ಹೇಳಬ್ಯಾಡ್ರಿ ಅಕ್ಕಾ. ನಮ್ಮಪ್ಪ ನಾಳೇನ ಬಂದು ಕರಕೊಂಡು ಹೋಗ್ತಾನ."

"ಹೇಳಲಿಲ್ಲಂದ್ರ ಅಂವಾ ನಾಳೆ ಇನ್ನೊಬ್ಬಾಕಿನ ಹಿಡೀತಾನ. ಹೇಳಿದ್ರ ನೀ ಹೋಗ್ತಿ," ಅಂದಳು. ಆಮೇಲೆ ಗೇಟು ಮುಟ್ಟುವವರೆಗೂ ಅವಳು ಯಮನೂರಪ್ಪನನ್ನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಪರೀಕ್ಷೆಯ ಫಾರ್ಮು ಕೊಡಲು ಆಫೀಸಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಹುಲಿಗೆಮ್ಮ ನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದು ಸೂಪರಿಂಟೆಂಡೆಂಟರ ಟೇಬಲ್ ಮುಂದೆ ನಿಂತಳು.

"ಸರ, ಕಂಪ್ಲೇಂಟ್ ಬರಕೋರಿ. ನಿನ್ನಿ ಸಂಜಿಮುಂದ ಕ್ರಾಸಿನ ದಾರ‍್ಯಾಗ ಒಬ್ಬಾಂವ ಬೈಕಿನ ಮ್ಯಾಲ ಬಂದು ಮೈಮ್ಯಾಲ ಕೈ ಹಾಕ್ಯಾನ."

"ಯಾರ ಮೈಮ್ಯಾಲ?"

"ನನ್ನ ಮೈಮ್ಯಾಲ."

ಆಫೀಸಿನಲ್ಲಿ ಇದ್ದವರೆಲ್ಲ ಕತ್ತೆತ್ತಿದರು. ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ನಕ್ಕರು. "ಏನ ಹುಲಿಗೆಮ್ಮಾ, ಈ ವಯಸ್ಸಿನ್ಯಾಗ ನಿನ್ನ ಮ್ಯಾಲೇನು? ಅಂವಗ ಕಣ್ಣು ಕಾಣತಿದ್ದಿಲ್ಲೇನ?"

"ಅಂವಗ ಛಲೋ ಕಾಣತಾವ್ರಿ. ಕಾಣವಲ್ಲದ್ದು ನಿಮಗ. ಅದಕ್ಕ ಹೇಳಾಕ ಬಂದೀನಿ, ಬರಕೋರಿ."

ಬರೆದುಕೊಂಡರು. ಕೆಳಗೆ ಅವಳು ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಹಾಕಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಯಾರಿಗಾದರೂ ಅನುಮಾನ ಬಂದೀತೆಂದು. ನಾನು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಚೂಡಿದಾರದ ಒಳಗೆ ಮೊಣಕಾಲು ಉರಿಯುತ್ತಿತ್ತು. ಅಷ್ಟು ಜನ ನಗುತ್ತಿರುವಾಗ, "ಅಲ್ರಿ, ಅದು ನಾನು" ಎಂಬ ಮೂರು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಸಾಲು ಮುಂದೆ ಸರಿಯಿತು, ನಾನೂ ಸರಿದೆ. ನನಗೆ ಇವತ್ತಿಗೂ ನಾಚಿಕೆಯಾಗುವುದು ಬೈಕಿನವನು ಮುಟ್ಟಿದ್ದಕ್ಕಲ್ಲ, ಆ ಸಾಲಿನಲ್ಲಿ ಸರಿದದ್ದಕ್ಕೆ.

ದೂರಿನಿಂದ ಕೆಲಸವೇನೋ ಆಯಿತು. ಜೆಸಿಬಿ ಬಂದು ಜಾಲಿ ಕಿತ್ತು ಹಾಕಿತು. ಎರಡು ಕಂಬಕ್ಕೆ ದೀಪ ಬಂದವು. ನಾಲ್ಕು ಸಂಜೆ ಪೊಲೀಸ್ ಜೀಪು ಓಡಾಡಿತು. ಯಾವ ಹುಡುಗಿಯ ಮನೆಗೂ ಫೋನು ಹೋಗಲಿಲ್ಲ. ಗಂಡು ಹುಡುಗರು ಮಾತ್ರ ಹುಲಿಗೆಮ್ಮ ಎದುರಾದಾಗ ಸೆರಗು ಸರಿಪಡಿಸಿಕೊಳ್ಳುವ ಹಾಗೆ ಅಣಕ ಮಾಡಿ ನಗುತ್ತಿದ್ದರು. ಅವಳು ಬಡಿಗೆ ತೋರಿಸಿ, "ನಿಮ್ಮವ್ವಗೂ ಹಿಂಗ ಮಾಡಿ ತೋರಿಸ್ರ್ಯಪಾ" ಅನ್ನುತ್ತಿದ್ದಳು.

ತಿಂಗಳು ಕಳೆಯುವುದರೊಳಗೆ ಏಜೆನ್ಸಿಯ ಮನುಷ್ಯ ಬಂದ. ದೂರಿನ ಕಾಗದ ಅವನಿಗೂ ಮುಟ್ಟಿತ್ತು. ಗೇಟಿನ ಹತ್ತಿರ ಎಲ್ಲರ ಎದುರಿಗೇ ಅಂದ: "ತನ್ನ ಮೈ ತಾನು ಕಾಯ್ಕೊಳ್ಳಾಕ ಆಗದಾಕಿ ಹುಡುಗ್ಯಾರ್ನ ಏನ ಕಾಯ್ತಾಳ?" ನಮಗೆ ಪರೀಕ್ಷೆ ನಡೆದಿತ್ತು. ಎರಡು ದಿನದ ಮೇಲೆ ನೋಡಿದರೆ ಗೇಟಿನ ಕುರ್ಚಿಯಲ್ಲಿ ಒಬ್ಬ ಗಂಡಸು ಮೊಬೈಲು ನೋಡುತ್ತಾ ಕೂತಿದ್ದ. ನೀಲಿ ಅಂಗಿ ಅವನಿಗೆ ಸರಿಯಾಗಿ ಹೊಂದಿತ್ತು. ಹುಲಿಗೆಮ್ಮ ಎಲ್ಲಿ ಎಂದು ಕೇಳಿದರೆ, "ಯಾರಾಕಿ?" ಅಂದ. ಅವಳ ಪರವಾಗಿ ಒಂದು ಅರ್ಜಿಯನ್ನಾದರೂ ಬರೆಯಬಹುದಿತ್ತು. ಬರೆಯಲು ಕೂತೆ. ಅವಳು ಯಾಕೆ ಸುಳ್ಳು ಹೇಳಿದಳು ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

ಓದು ಮುಗಿಯಿತು. ಗಂಗಾವತಿಯಲ್ಲಿ ಪಿಯು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕೆಲಸ ಸಿಕ್ಕ ಮೇಲೆ ಒಂದು ದಿನ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ತಕ್ಕಡಿಯ ಕಲ್ಲನ್ನು ಕೆಳಗಿಟ್ಟ. "ಅವತ್ತ ಹೇಳಿದ್ರ ಕರಕೊಂಡು ಬರ್ತಿದ್ದೆ. ಸುಳ್ಳ್ಯಾಕ ಹೇಳ್ಲಿ," ಅಂದ. ಆಮೇಲೆ, "ಆ ಹೆಣ್ಮಗಳು ಈಗ ಎಲ್ಲಿ ಅದಾಳ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಹೋದ ವರ್ಷ. ರಜೆಗೆ ಊರಿಗೆ ಹೊರಟಿದ್ದೆ. ಬೆಳಿಗ್ಗೆ ಬಸ್ಸು ತಾವರಗೇರಾದಲ್ಲಿ ನಿಂತಿತ್ತು. ಬೀಜದ ಕಂಪನಿಯ ಹೊಲಕ್ಕೆ ಹೋಗುವ ಹೆಂಗಸರು ಬುತ್ತಿ ಹಿಡಿದು ಟೆಂಪೋಗೆ ಕಾಯುತ್ತಿದ್ದರು. ಅವರಲ್ಲೊಬ್ಬಳು ನನ್ನ ಕಿಟಕಿಗೆ ಬಂದು ಸರಳು ಹಿಡಿದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಗಂಟಲು ಹಾಗೆಯೇ ಇತ್ತು.

"ಓದು ಮುಗೀತೇನ ಬೇ?"

ಮುಗಿಯಿತು ಅಂದೆ. ಕೆಲಸದ ಸುದ್ದಿ ಹೇಳಿದೆ. ಹುಲಿಗೆಮ್ಮ ಪಕ್ಕದ ಹೆಂಗಸರನ್ನೆಲ್ಲ ಕರೆದು, "ಈಕಿ ನಮ್ಮ ಹುಡುಗಿ, ಈಗ ಕಾಲೇಜಿನ್ಯಾಗ ಕಲಸ್ತಾಳ!" ಎಂದು ತೋರಿಸಿದಳು. ನನಗೆ ಅಳು ಬಂತು. "ಅವತ್ತ ನಾ ನನ್ನ ಹೆಸರು ಕೊಡಬೇಕಿತ್ತು ಅಕ್ಕಾ. ತಪ್ಪಾತು," ಅಂದೆ.

"ಕೊಟ್ಟಿದ್ರ ನೀ ಕಲಿತಿದ್ದಿಲ್ಲ. ಅದನ್ನ ಬಿಡು," ಅಂದಳು. "ಈಗ ಅಲ್ಲೆ ಯಾರದಾರ? ಸಂಜಿ ಬಸ್ಸಿಗೆ ಕ್ರಾಸಿನ ತನಾ ಬರ್ತಾರ?"

ಬಸ್ಸು ಹೊರಡಲು ಗುರುಗುಟ್ಟಿತು. ಓದು ಮುಗಿಸಿ ಬಂದಮೇಲೆ ನಾನು ಆ ದಾರಿಯ ಕಡೆ ಕಾಲಿಟ್ಟಿರಲಿಲ್ಲ, ಅಲ್ಲಿನ ಯಾರಿಗೂ ಒಂದು ಫೋನು ಮಾಡಿ ಕೇಳಿರಲಿಲ್ಲ. ನನ್ನ ಹೆದರಿಕೆ ಮುಗಿದಿತ್ತು, ಅಲ್ಲಿಗೆ ಮರೆತಿದ್ದೆ.

"ಗೊತ್ತಿಲ್ರಿ ಅಕ್ಕಾ."

ಹುಲಿಗೆಮ್ಮನ ಮುಖದ ನಗು ಇಳಿಯಿತು. ಸರಳು ಹಿಡಿದುಕೊಂಡೇ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದಳು.

"ನೀ ಕಲಿತಾಕಿ. ನಿನಗ ಗೊತ್ತಿರಬೇಕಾಗಿತ್ತು," ಎಂದು ಕೈ ಬಿಟ್ಟಳು.