ನಾಗನಾಥನ ಮಾನಿಟರಿಗೆ ಹಚ್ಚಿದ ಕುಂಕುಮ

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಗುಡಿಯ ಮುಂದೆ ಕಾಯಿ-ಕರ್ಪೂರದ ಅಂಗಡಿ ಇಟ್ಟ ನಾಗನಾಥನ ಬಲಗೈಗೆ ಅರ್ಧ ಹುಮನಾಬಾದ್ ಹೆದರುತ್ತಿತ್ತು. ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದವನು ನಾಗನಾಥನೇ. ಆ ಕೈ ಅವನ ಮಾತು ಕೇಳುತ್ತಿರಲಿಲ್ಲ. ತಲೆ ‘ಬೇಡ’ ಅನ್ನುವಷ್ಟರಲ್ಲಿ ಕೈ ಕೆಲಸ ಮುಗಿಸಿರುತ್ತಿತ್ತು. ಹರೆಯದಲ್ಲಿ ಕುಸ್ತಿ ಆಡಿ ಸಾಕಿದ ಕೈ ಅದು. ಗರಡಿ ಬಿಟ್ಟ ಮೇಲೆ ಉದ್ಯೋಗವಿಲ್ಲದೆ ಸಿಕ್ಕಲ್ಲಿ ಕೆಲಸ ಹುಡುಕಿಕೊಂಡಿತು. ಕಂಡಕ್ಟರನ ಕಾಲರ್ ಹಿಡಿಯಿತು, ಆಟೋದವನೊಬ್ಬನ ಹಲ್ಲು ಉದುರಿಸಿತು, ಕಡೆಗೆ ನಾಗನಾಥನಿಗೆ ಹೆಣ್ಣು ಕೊಡಲು ಬಂದವರ ಸೋದರಮಾವನನ್ನೂ ಬಿಡಲಿಲ್ಲ. ಆ ಮದುವೆ ಆಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇದೆಲ್ಲ ಊರು ನಕ್ಕು ಮರೆಯುವಂಥದ್ದು. ಮರೆಯಲಾಗದ್ದು ಶೈಲೇಶನದು. ಶೈಲೇಶ ಅವನ ಬಾಲ್ಯದ ಗೆಳೆಯ. ಅವನು ‘ಕಾಕು’ ಎಂದು ಕರೆಯುತ್ತಿದ್ದ ನಾಗನಾಥನ ತಾಯಿ ರುಕ್ಮಿಣಿಬಾಯಿಯ ಕೈಯಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಒಂದು ದಿನ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಶೈಲೇಶ, ನಾಗನಾಥ ಸೋತ ಕುಸ್ತಿಯೊಂದನ್ನು ನಾಲ್ಕು ಜನರೆದುರು ನಟಿಸಿ ತೋರಿಸಿದ. ಎಲ್ಲರೂ ನಕ್ಕರು. ನಾಗನಾಥನ ಬಲಗೈ ಹೋಗಿ ಅವನ ಎಡಗಿವಿಯ ಮೇಲೆ ಬಿತ್ತು. ಚಹಾದ ಗ್ಲಾಸು ಒಂದು ಕಡೆ, ಶೈಲೇಶ ಒಂದು ಕಡೆ. ಕಿವಿಯಿಂದ ಇಳಿದ ರಕ್ತ ಅಂಗಿಯ ಹೆಗಲು ನೆನೆಸಿತು. ಆ ಕಿವಿಗೆ ಆಮೇಲೆ ಏನೂ ಕೇಳಿಸಲಿಲ್ಲ. ಶೈಲೇಶ ಊರು ಬಿಟ್ಟು ಬಸವಕಲ್ಯಾಣಕ್ಕೆ ಹೋಗಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ. ಅಲ್ಲಿನವರೆಲ್ಲ ಅವನ ಬಲಗಡೆ ಹೋಗಿ ಮಾತಾಡುವುದನ್ನು ರೂಢಿಸಿಕೊಂಡರು. ನಾಗನಾಥ ಯಾವ ಕಡೆಯಿಂದಲೂ ಮಾತಾಡಲಿಲ್ಲ.

ಆ ಏಟು ಬಿದ್ದ ದಿನವೇ ಸಂಜೆ ರುಕ್ಮಿಣಿಬಾಯಿ ಮಗನ ಬಲಗೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ಮತ್ತೊಮ್ಮಿ ಈ ಕೈಲೇ ಮನಷ್ಯಾರಿಗಿ ಹೊಡದ್ಯಂದ್ರ ನಾ ರಾಜೇಶ್ವರ ಊರಿಗಿ, ನನ್ನ ತಮ್ಮನ ಮನಿಗಿ ಹೋಗ್ತೀನಿ. ಸತ್ರೂ ಈ ಹೊಸ್ತಲಾ ತುಳಿಯಂಗಿಲ್ಲ. ನನ್ನ ಮಣ್ಣಿಗೂ ನೀ ಬರಬ್ಯಾಡ.”

ಬರಿಯ ಬೆದರಿಕೆ ಎಂದು ತಿಳಿಯುವಂತಿರಲಿಲ್ಲ. ಹಿಂದೊಮ್ಮೆ ಗಂಡನೊಡನೆ ಜಗಳವಾಡಿ ‘ನಿನ್ನ ಜೋಡಿ ಮಾತಿಲ್ಲ’ ಅಂದವಳು, ಅವನು ಸಾಯುವ ತನಕ ಮಾತಾಡಿರಲಿಲ್ಲ. ‘ನಿಮ್ಮಪ್ಪಗ ಊಟಕ್ಕ ಬಾ ಅನ್ನು’ ಎಂಬುದನ್ನು ನಾಗನಾಥನೇ ಎರಡು ಹೊತ್ತೂ ಒಯ್ದು ಮುಟ್ಟಿಸಿದ್ದ. ಅವ್ವ ಒಂದು ಸಲ ಬಸ್ ಹತ್ತಿದಳೆಂದರೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಆ ಮನೆಯಲ್ಲಿ ಅವನಿಗೆ ಇನ್ನಾರೂ ಇರಲಿಲ್ಲ.

ಅಂದಿನಿಂದ ಸಿಟ್ಟೆಲ್ಲ ತೆಂಗಿನಕಾಯಿಯ ಪಾಲಾಯಿತು. ನೆಲದಲ್ಲಿ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿ ಚುಚ್ಚಿ ಅವನು ಸಿಪ್ಪೆ ಸೀಳುವುದನ್ನು ನೋಡಿ ಭಕ್ತರು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಆದರೂ ಕೈಯ ಹಸಿವು ಹೋಗಲಿಲ್ಲ. ಹೀಗಿರುವಾಗ ಫೋನು ರಿಪೇರಿಗೆಂದು ಬಸವಕಲ್ಯಾಣಕ್ಕೆ ಹೋದವನು ಮಂಠಾಳದ ಸಂಘಪಾಲನ ಕಂಪ್ಯೂಟರ್ ಅಂಗಡಿ ಹೊಕ್ಕ. ಒಳಗೆ ಹುಡುಗರು ಬಂದೂಕಿನ ಗೇಮ್ ಆಡುತ್ತಿದ್ದರು. ‘ಕೂಡ್ರಿ ಅಣ್ಣಾ’ ಅಂದ ಸಂಘಪಾಲ. ನಾಗನಾಥ ಕೂತ. ಎದ್ದಾಗ ಹೊರಗೆ ಕತ್ತಲಾಗಿತ್ತು. ಎಷ್ಟೋ ಜನರನ್ನು ಕೊಂದಿದ್ದ, ಅಷ್ಟೇ ಸಲ ಸತ್ತಿದ್ದ, ಮತ್ತು ಅವನ ಬಲಗೈ ಎಷ್ಟೋ ವರ್ಷದ ಮೇಲೆ ತಣ್ಣಗಿತ್ತು. ತಿಂಗಳೊಳಗೆ ಅಂಗಡಿಯ ಹಿಂದಿನ ಕೋಣೆಗೆ ಕಂಪ್ಯೂಟರ್ ಬಂತು. ಪರದೆಯ ಮೇಲೆ ಯಾರ ತಲೆ ಒಡೆದರೂ ಅವ್ವ ರಾಜೇಶ್ವರದ ಮಾತು ಎತ್ತುತ್ತಿರಲಿಲ್ಲವಲ್ಲ!

ಆದರೆ ಅದರ ಮಾನಿಟರ್ ಯಾವುದೋ ಆಫೀಸು ಬಿಸಾಕಿದ ಹಳೇದು. ಮೂಲೆಯಿಂದ ವೈರಿ ಹೊರಬಿದ್ದದ್ದು ನಾಗನಾಥನಿಗೆ ಕಾಣುವಷ್ಟರಲ್ಲಿ ಗುಂಡು ಎದೆಗೆ ಬಿದ್ದಿರುತ್ತಿತ್ತು. ಯಾರು ಹೊಡೆದರೆಂದೇ ತಿಳಿಯದೆ ಸಾಯುವುದು ಅವನಿಗೆ ಉರಿಯಾಯಿತು. ಗೋಡೆ ಗುದ್ದಿ ಗೆಣ್ಣು ಸುಲಿದುಕೊಂಡ. ಒಂದು ದಿನ ಹಾಗೆ ಸತ್ತು ಎದ್ದು ಬಂದಾಗ ಗಿರಾಕಿಯೊಬ್ಬ ‘ಕಾಯಿ ಕೆಟ್ಟಿಲ್ಲ ಹೌದಿಲ್ಲೋ?’ ಎಂದು ಕೇಳಿದ. ಕೈ ಎದ್ದೇಬಿಟ್ಟಿತು. ಅದನ್ನು ಹೇಗೋ ಕರ್ಪೂರದ ಡಬ್ಬಿಯ ಕಡೆ ತಿರುಗಿಸಿ ಉಳಿದುಕೊಂಡ. ಚುರುಕಾದ ಮಾನಿಟರ್ ತರಲೇಬೇಕು, ಇಲ್ಲದಿದ್ದರೆ ಅವ್ವನನ್ನು ಕಳೆದುಕೊಳ್ಳುತ್ತೇನೆ ಎಂದು ನಿಶ್ಚಯಿಸಿದ.

ಹುಮನಾಬಾದಿನ ಅಂಗಡಿಯವನು ಬಾಗಿಲಗಲದ, ಬಿಲ್ಲಿನಂತೆ ಬಾಗಿದ ಪರದೆಯೊಂದನ್ನು ತೋರಿಸಿ ಅದರ ಮೇಲೆ ನವಿಲಿನ ವಿಡಿಯೋ ಕುಣಿಸಿದ. ಬಣ್ಣ ಚೆಂದವಿತ್ತು. ‘ಇದು ಎಷ್ಟ ಜಲ್ದಿ ಅದ?’ ಎಂದರೆ ‘ಮನಿ ಮಂದಿಯೆಲ್ಲ ಕೂತ ನೋಡಬೌದ್ರಿ’ ಅಂದ. ನಾಗನಾಥ ಕೈ ಕಟ್ಟಿಕೊಂಡು ಹೊರಬಿದ್ದು ಬಸವಕಲ್ಯಾಣದ ಬಸ್ ಹತ್ತಿದ.

“ಅಣ್ಣಾ, ನಿಮ್ಮ ಹಳೇದು ಸೆಕೆಂಡಿಗಿ ಅರವತ್ತ ಸಲ ಚಿತ್ರ ಬದಲ್ ಮಾಡ್ತದ,” ಎಂದ ಸಂಘಪಾಲ, ಎರಡು ಪರದೆ ಪಕ್ಕಪಕ್ಕ ಇಟ್ಟು. “ಇದು ನೂರಾ ಎಂಬತ್ತ ಸಲ. ಮೂಲಿ ಬಿಟ್ಟು ಬಂದಂವ ಇದರಾಗ ಮೊದಲ ಕಾಣ್ತಾನ.”

“ಕುಸ್ತ್ಯಾಗೂ ಹಂಗ. ಎದುರಿನವನ ಹೆಗಲ ಅಲುಗಿದ್ದು ಮೊದಲ ಕಂಡಂವ ಗೆಲ್ತಾನ.”

“ಅದ ಮತ್ತ! ದೊಡ್ಡದು ಯಾಕ ಬೇಕ್ರಿ? ಕುತ್ತಿಗಿ ತಿರಗಿಸಿ ನೋಡೂದ್ರಾಗ ಸಾಯ್ತೀರಿ. ಇಪ್ಪತ್ನಾಲ್ಕ ಇಂಚ ಸಾಕು. ಭಾಳ ಬಾರೀಕ ಚಿತ್ರದ್ದು ಓಡಸ್ಲಾಕ ನಿಮ್ಮ ಗ್ರಾಫಿಕ್ಸ್ ಕಾರ್ಡಿಗಿ ತಾಕತ್ತಿಲ್ಲ. ಒಂದ ನೋಡ್ರಿ, ಓಡೋ ಮನಷ್ಯಾನ ಹಿಂದ ಮಬ್ಬ ನೆರಳ ಎಳಿಬಾರದು.”

ನಾಗನಾಥ ಎರಡರ ಮೇಲೂ ಮೌಸಿನ ಬಾಣದ ಗುರುತನ್ನು ಗಿರಗಿರ ತಿರುಗಿಸಿದ. ಹಳೆಯದರಲ್ಲಿ ಅದು ಕುಪ್ಪಳಿಸಿತು, ಹೊಸದರಲ್ಲಿ ಜಾರಿತು. ಅದನ್ನೇ ಕಟ್ಟಿಸಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದ.

ಅಂಗಡಿಗೆ ಅಂಟಿಕೊಂಡಿದ್ದ ಮನೆಯಲ್ಲಿ ರುಕ್ಮಿಣಿಬಾಯಿ ಕಾದಿದ್ದಳು. ಫ್ರಿಜ್ಜಿಗೆ, ತಕ್ಕಡಿಗೆ, ಗ್ಯಾಸಿನ ಒಲೆಗೆ ಆದದ್ದೇ ಇದಕ್ಕೂ ಆಗಬೇಕಿತ್ತು. ‘ಹೊಸ ಸಾಮಾನ ಬೋಳ ಹಣಿಲೇ ಇಡಬಾರದು’ ಎಂದು, ಗಂಡ ಸತ್ತ ಮೇಲೂ ತಾನು ಹಟ ಹಿಡಿದು ಹಚ್ಚಿಕೊಳ್ಳುವ ಕುಂಕುಮವನ್ನೇ ಒದ್ದೆ ಮಾಡಿ ಬೆರಳಿಗೆ ತೆಗೆದು ಕಪ್ಪು ಪರದೆಯ ನಡುಮಧ್ಯಕ್ಕೆ ಒಂದು ಬೊಟ್ಟು ಇಟ್ಟು ಕೈ ಮುಗಿದಳು. ಬಳಿಕ ನಾಗನಾಥ ತಂತಿ ಜೋಡಿಸಿ ಆಟ ತೆರೆದರೆ ಹಳೇ ಕುಪ್ಪಳಿಕೆಯೇ! ಮುಷ್ಟಿ ಬಿಗಿಯಿತು. ಸಂಘಪಾಲನಿಗೆ ಫೋನು ಹಚ್ಚಿ ಅವನ ವಂಶವನ್ನೆಲ್ಲ ನೆನೆದ.

“ಬೈರಿ, ಆದ್ರ ಕಂಪ್ಯೂಟರಿನ ಹಿಂದ ಬಗ್ಗಿ ನೋಡ್ರಿ. ಕೇಬಲ್ ಮ್ಯಾಲ ಹಚ್ಚೀರಿ, ಕೆಳಗ ಗ್ರಾಫಿಕ್ಸ್ ಕಾರ್ಡಿಗಿ ಹಚ್ರಿ. ಆಮ್ಯಾಲ ಸೆಟಿಂಗಿಗಿ ಹೋಗಿ ಅರವತ್ತ ಇದ್ದದ್ದು ನೂರಾ ಎಂಬತ್ತ ಮಾಡ್ರಿ. ಅದು ತಾನ ಆಗಂಗಿಲ್ಲ.”

ಮಾಡಿದ. ಜಗತ್ತು ಎಣ್ಣೆ ಹಚ್ಚಿದಂತೆ ಜಾರಿತು. ಜೊತೆಗೆ ಇನ್ನೊಂದು ಕಂಡಿತು. ದೂರ ಹೊಡೆಯುವ ಬಂದೂಕಿಗೆ ಆ ಗೇಮಿನಲ್ಲಿ ಗುರಿಯ ಚುಕ್ಕೆ ಇರುವುದಿಲ್ಲ. ದುರ್ಬೀನು ತೆರೆದರೆ ಮಾತ್ರ ನಡು ಎಲ್ಲಿದೆಯೆಂದು ತಿಳಿಯುತ್ತದೆ. ಅವ್ವನ ಕುಂಕುಮ ಸರಿಯಾಗಿ ಆ ನಡುವಿನಲ್ಲಿ ಕೂತಿತ್ತು. ಅದನ್ನು ವೈರಿಯ ಎದೆಗೆ ತಂದು ಗುಂಡಿ ಒತ್ತಿದರೆ ಆಯಿತು. ಅವ್ವ ಹಚ್ಚಿದ್ದನ್ನು ಒರೆಸಬಾರದು ಎಂದುಕೊಂಡ ನಾಗನಾಥ. ಅದು ಅರ್ಧ ನಿಜ. ಉಳಿದರ್ಧ ಮೋಸ, ಮತ್ತು ಅದು ಅವನಿಗೆ ಗೊತ್ತಿತ್ತು.

ಸಂಘಪಾಲ ಹುಮನಾಬಾದ್, ಬಸವಕಲ್ಯಾಣದ ಆಟಗಾರರ ನಡುವೆ ಇಂಟರ್ನೆಟ್ಟಿನ ಮೇಲೆ ಪಂದ್ಯ ಹಚ್ಚುತ್ತಿದ್ದ. ಬಸವಕಲ್ಯಾಣದ ಕಡೆ ಶೈಲೇಶನಿದ್ದ. ಈ ಗೇಮಿನಲ್ಲಿ ಹೆಜ್ಜೆಯ ಸಪ್ಪಳ ಕೇಳಿ ವೈರಿ ಯಾವ ಕಡೆಯಿಂದ ಬರುತ್ತಿದ್ದಾನೆಂದು ತಿಳಿಯಬೇಕು. ಶೈಲೇಶನ ಎಡಗಿವಿಗೆ ಹೆಡ್‌ಫೋನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದು ನಾಗನಾಥನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರಬೇಕು? ಅವನು ಪ್ರತಿ ಸಲ ಎಡಗಡೆಯಿಂದಲೇ ಬಂದ. ಕುಂಕುಮವನ್ನು ಶೈಲೇಶನ ತಲೆಗೆ ತಂದ, ಹೊಡೆದ. ಮತ್ತೆ ಬಂದ, ಮತ್ತೆ ಹೊಡೆದ. ಹೊಡೆಯುವಾಗ ಮೈಯೆಲ್ಲ ಹಿಗ್ಗು. ಆಮೇಲೆ ಅವ್ವ ಬಡಿಸಿದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಒಂದು ಮಧ್ಯಾಹ್ನ ಶೈಲೇಶ ಸಂಘಪಾಲನ ಗಾಡಿಯ ಮೇಲೆ ಬಂದಿಳಿದ. ವರ್ಷಗಳ ಮೇಲೆ ನಾಗನಾಥನ ಅಂಗಡಿಯ ಕಟ್ಟೆ ಏರಿದವನು ಸೀದಾ ಹಿಂದಿನ ಕೋಣೆಗೆ ನಡೆದ.

“ಆಡಿ ತೋರಸು,” ಎಂದ. “ಹ್ಯಾಂಗ ಹೊಡಿಯಾಕತ್ತೀದಿ, ಕಣ್ಣಾರೆ ನೋಡ್ತೀನಿ.”

ನಾಗನಾಥ ಕಂಪ್ಯೂಟರ್ ಹಚ್ಚಿದ. ಶೈಲೇಶ ಬಗ್ಗಿ ಪರದೆಯ ನಡುವಿನ ಕೆಂಪು ಬೊಟ್ಟನ್ನು ನೋಡಿದ. ಅವನ ಮುಖದಲ್ಲಿ ರಕ್ತ ಏರಿದ್ದು ಕಂಡಿತು.

“ಚುಕ್ಕಿ ಹಚ್ಕೊಂಡೀದಿ! ಕಿವಿ ತೊಗೊಂಡಿ, ಸಾಲಲಿಲ್ಲೇನ್ ಲೇ ನಿನಗ?”

ಮೊದಲ ಗುದ್ದು ಬಾಯಿಗೆ ಬಿತ್ತು. ನಾಗನಾಥನ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಅವನ ಬಲಗೈ ಹಾವಿನಂತೆ ಎದ್ದಿತು. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು ಸೊಂಟದ ಹಿಂದೆ ಒತ್ತಿಕೊಂಡ. ಶೈಲೇಶ ಕೀಬೋರ್ಡ್ ಕಿತ್ತು ಮುಖಕ್ಕೆ ಬೀಸಿದ. ಗುಂಡಿಗಳು ಹಲ್ಲಿನಂತೆ ನೆಲಕ್ಕೆ ಚೆಲ್ಲಿದವು. ಹುಬ್ಬು ಒಡೆದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು. ಬಿಡಿಸಲು ಬಂದ ಸಂಘಪಾಲನ ಎದೆಗೆ ಮೊಣಕೈ ಬಿದ್ದು ಅವನು ಬಾಗಿಲಿಗೆ ಅಪ್ಪಳಿಸಿದ. ಒದೆ ಪಕ್ಕೆಗೆ ಬಿತ್ತು, ಮತ್ತೊಂದು ಹೊಟ್ಟೆಗೆ. ನಾಗನಾಥ ಮೂಗುದಾರ ಹಾಕಿದ ಎತ್ತಿನಂತೆ ಹಿಂದೆ ಹಿಂದೆ ಸರಿದು ಅಂಗಡಿಗೆ ಬಂದ. ಅವ್ವ ರಾಜೇಶ್ವರಕ್ಕೆ ಹೋಗಬಾರದು, ಅಷ್ಟೇ ಅವನ ತಲೆಯಲ್ಲಿತ್ತು. ಶೈಲೇಶ ರಾಶಿಯಿಂದ ಒಂದು ತೆಂಗಿನಕಾಯಿ ಎತ್ತಿಕೊಂಡ.

ಚುಕ್ಕಿಯ ಕೂಗು, ಗದ್ದಲ ಕೇಳಿ ರುಕ್ಮಿಣಿಬಾಯಿ ಮನೆಯ ಬಾಗಿಲಿನಿಂದ ಓಡಿ ಬಂದಳು. ಬಂದದ್ದು ಶೈಲೇಶನ ಎಡಗಡೆಯಿಂದ.

“ಶೈಲ್ಯಾ, ತಡಿಯೋ! ಅದು ನಾ ಹಚ್ಚಿದ ಕುಂಕುಮಪ್ಪ! ಅವನ ಹೊಡಿಬ್ಯಾಡ!”

ಇಡೀ ಬೀದಿಗೆ ಕೇಳಿಸಿತು. ಸಿಟ್ಟಿನ ಅಬ್ಬರದಲ್ಲಿ ಶೈಲೇಶನಿಗೆ ಮಾತ್ರ ಕೇಳಿಸಲಿಲ್ಲ. ಅವಳು ಮತ್ತೂ ಹತ್ತಿರ ಬಂದು ಕೂಗುತ್ತ ತೋಳು ಹಿಡಿಯಲು ಕೈ ಚಾಚಿದಳು. ಅವಳನ್ನು ಕಾಣದೆ ಅವನು ಕಾಯಿ ಹಿಡಿದ ಕೈಯನ್ನು ಪೂರ್ತಿ ಸುತ್ತು ಬೀಸಿದ. ಅದು ಅವಳ ಹಣೆಗೆ ಬಡಿಯಿತು. ಮುದುಕಿ ಸದ್ದಿಲ್ಲದೆ ಕುಸಿದಳು. ಹಣೆಯ ಕುಂಕುಮ ಯಾವುದು, ರಕ್ತ ಯಾವುದು ತಿಳಿಯದಾಯಿತು.

ನಾಗನಾಥನ ಎಡಗೈ ಸಡಿಲಿತು. ಬಲಗೈ ಶೈಲೇಶನ ಗಂಟಲು ಹಿಡಿದು ಅವನನ್ನು ಕಾಯಿ ಸುಲಿಯುವ ಸಲಾಕೆಯ ಮೇಲೆ ಬಗ್ಗಿಸಿತು. ಚೂಪು ತುದಿ ಅವನ ಬೆನ್ನಿಗೆ ತಾಗಿತ್ತು. ಒಂದು ಸಲ ಒತ್ತಿದರೆ ಸಾಕಿತ್ತು, ಮತ್ತು ಒತ್ತಬೇಕೆಂದು ಅವನ ಮೈಯ ಒಂದೊಂದು ನರವೂ ಹೇಳುತ್ತಿತ್ತು. ನೆಲದ ಮೇಲೆ ರುಕ್ಮಿಣಿಬಾಯಿಯ ತುಟಿ ಅಲ್ಲಾಡಿತು. ಆಗ, ಉಸಿರು ಕಟ್ಟಿ ಕಣ್ಣು ಹೊರಬಿದ್ದ ಶೈಲೇಶ, ಆ ಹಿಡಿತದಲ್ಲೂ ಕುತ್ತಿಗೆ ಹೊರಳಿಸಿ ಬಲಗಿವಿಯನ್ನು ಅವಳ ಕಡೆ ಚಾಚಿದ.

“ಏನಂದ್ರಿ ಕಾಕು?” ಎಂದ, ಹರಿದ ದನಿಯಲ್ಲಿ. “ಕೇಳಸಲಿಲ್ರಿ…”

ನಾಗನಾಥನ ಬಲಗೈ ಹಿಡಿತ ಸಡಿಲಿಸಿತು. ಅವ್ವನ ಕೂಗು ಇವನಿಗೆ ಕೇಳಿಸದಂತೆ ಮಾಡಿದವನು ತಾನು. ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟ ಏಟು ಇಷ್ಟು ವರ್ಷ ತಿರುಗಾಡಿ ಈಗ ಅವ್ವನ ಹಣೆಗೆ ಬಂದು ಮುಟ್ಟಿತ್ತು. ಅವನು ಶೈಲೇಶನನ್ನು ಎಳೆದು ನಿಲ್ಲಿಸಿದ, ಅವನ ಬಲಗಡೆ ಹೋಗಿ ಕಿವಿಯ ಹತ್ತಿರ ಬಾಯಿ ಇಟ್ಟ.

“ಅವ್ವ ಹಚ್ಚಿದ ಕುಂಕುಮ ಅದು. ಒರಸಲಾರದಂವ ನಾನು. ಎಡಗಡಿಂದ ಬಂದಂವನೂ ನಾನು. ತಪ್ಪಾತು ಶೈಲ್ಯಾ. ಅದೂ ತಪ್ಪಾತು, ಅವತ್ತಿಂದೂ ತಪ್ಪಾತು.”

ಶೈಲೇಶ ಕೇಳಿಸಿಕೊಂಡ. ಕೆಮ್ಮಿದ, ಉಸಿರು ಎಳೆದುಕೊಂಡ. ಆಮೇಲೆ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಬಲಗೈಗೆ ತಂದು ನಾಗನಾಥನ ಎಡಗಿವಿಯ ಮೇಲೆ ಹೊಡೆದ. ನಾಗನಾಥ ಗಲ್ಲಾಪೆಟ್ಟಿಗೆಯ ಮೇಲೆ ಬಿದ್ದು ಎದ್ದು ಮತ್ತೆ ಅಲ್ಲೇ ನಿಂತ. ಕೈ ಎರಡೂ ಇಳಿಬಿದ್ದೇ ಇದ್ದವು. ಶೈಲೇಶ ಇನ್ನೊಮ್ಮೆ ಹೊಡೆಯಲಿಲ್ಲ. ಬಗ್ಗಿ ರುಕ್ಮಿಣಿಬಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ನಡೀರಿ ಕಾಕು, ದವಾಖಾನಿಗಿ.”

ಸಂಘಪಾಲ ಎದೆ ಹಿಡಿದುಕೊಂಡೇ ಆಟೋ ಕರೆದು ಮುಂದೆ ಕೂತ. ಹಿಂದೆ ನಡುವೆ ರುಕ್ಮಿಣಿಬಾಯಿ, ಹಣೆಗೆ ಸೆರಗು ಒತ್ತಿಕೊಂಡು. ಅವಳ ಎಡಕ್ಕೆ ಶೈಲೇಶ, ಬಲಕ್ಕೆ ನಾಗನಾಥ. ಹುಮನಾಬಾದಿನ ದಾರಿಯಲ್ಲಿ ಆಟೋ ಕುಣಿಯುತ್ತ ಓಡಿತು. ನಾಗನಾಥನ ಎಡಗಿವಿಯಲ್ಲಿ ಗುಂಯ್ ಎಂಬ ಒಂದೇ ಸದ್ದು. ಅವ್ವ ಏನೋ ಹೇಳಿದಳು, ತುಟಿ ಅಲುಗಿದ್ದು ಕಂಡಿತು, ಕೇಳಿಸಲಿಲ್ಲ. ರಾಜೇಶ್ವರದ ಬಸ್ ಕೇಳುತ್ತಿದ್ದಾಳೋ ಏನೋ ಎಂದು ಹೆದರಿದ. ಪೂರ್ತಿ ತಿರುಗಿ ಬಲಗಿವಿ ಚಾಚಿದ.

“ಏನಂದಿ ಅವ್ವಾ?”

ಅವಳಿಗೆ ಮತ್ತೆ ಹೇಳುವ ತ್ರಾಣವಿರಲಿಲ್ಲ; ಕಣ್ಣು ಮುಚ್ಚಿಕೊಂಡಳು. ಉತ್ತರ ಅವಳ ಆ ಕಡೆಯಿಂದ ಬಂತು.

“ರಾಜೇಶ್ವರಕ್ಕ ಹೋಗಂಗಿಲ್ಲಂತ,” ಎಂದ ಶೈಲೇಶ, ರಸ್ತೆಯ ಕಡೆಗೇ ನೋಡುತ್ತ, ನಾಗನಾಥನಿಗೆ ಕೇಳಿಸುವಷ್ಟು ಜೋರಾಗಿ.