ನನ್ನದೆಂದು ತೋರಿಸಿದ ಸಾಲು

ಆಗ ನನಗೆ ಅರವತ್ತೆರಡು. ಹದಿನೈದು ವರ್ಷದ ಹಿಂದಿನ ಮಾತು. ಗೋವಾದ ಝುವಾರಿನಗರದಲ್ಲಿ, ಪತ್ರಾಸಿನ ತಗಡು ಹೊದಿಸಿದ ಮನೆಯಲ್ಲಿ ನಾನು ಮತ್ತು ತಂಗಿಯ ಮಗ, ಇಬ್ಬರೇ. ಅವನಿಗೆ ಹಲ್ಲು ಬರುವ ಮೊದಲೇ ತಂಗಿ ಸತ್ತಳು. ಅವನಪ್ಪ ಬೇರೆ ಮದುವೆಯಾಗಿ ಹೋದ. ನನ್ನ ಗಂಡ ಅದಕ್ಕೂ ಮೊದಲೇ ತೀರಿದ್ದ. ಸೀರೆಯ ಜೋಳಿಗೆಯಲ್ಲಿ ಮಗುವನ್ನು ಮಲಗಿಸಿ ಕಲ್ಲು ಹೊತ್ತಿದ್ದೇನೆ.

ಅವನ ಮದುವೆ ಗೊತ್ತಾದಾಗ ಕೇಳಿದ್ದು ಒಂದೇ. ಸೀರೆ ಬೇಡ, ಪತ್ರಿಕೆಯಲ್ಲಿ ಕರೆಯುವವರ ಜಾಗದಲ್ಲಿ ನನ್ನ ಹೆಸರು ಹಾಕಿಸು ಎಂದೆ.

"ನಿಂದಲ್ದ ಮತ್ಯಾರ್ದ ಹಾಕ್ಲಿ, ದೊಡವ್ವಾ?"

ಪತ್ರಿಕೆ ಬಂತು. ಕೆಂಪು ಕಾಗದ, ಉಬ್ಬಿದ ಬಂಗಾರದ ಅಕ್ಷರ, ಒಂದೊಂದಕ್ಕೂ ಬಳ್ಳಿಯಂಥ ಬಾಲ. ನನಗೆ ಓದಲು ಬರುವುದು ದಪ್ಪ ಸಾದಾ ಅಕ್ಷರ, ಅದೂ ಕೂಡಿಸಿ ಕೂಡಿಸಿ. ಇವು ಅಕ್ಷರವೋ ರಂಗೋಲಿಯೋ ತಿಳಿಯಲಿಲ್ಲ. ನನ್ನ ಹೆಸರೆಲ್ಲಿ ಎಂದೆ. ಅವನೇ ನನ್ನ ಬೆರಳು ಹಿಡಿದು ಒಂದು ಸಾಲಿನ ಮೇಲಿಟ್ಟ. "ಇದ ನೋಡು. ಎಲ್ಲಾರಕಿಂತ ಮ್ಯಾಲ."

ಅರಿಸಿನ ಕುಂಕುಮ ಅವನೇ ಹಚ್ಚಿದ, ಹಂಚಲು ನಾನು ಹೊರಟೆ. ನಮ್ಮವರಿಗೆ ಬರೀ ಕಾಗದ ಕೊಟ್ಟರೆ ಬರುವುದಿಲ್ಲ, ಮನೆಯವರು ಹೋಗಿ ಬಾಯಿಂದ ಕರೆಯಬೇಕು. ಹೋದಲ್ಲೆಲ್ಲ ಆ ಸಾಲಿನ ಮೇಲೆ ಬೆರಳಿಟ್ಟು "ಇದು ನಂದು" ಎಂದೆ. ಓದು ಬಂದವರೂ "ಹೌದ್ ಬಿಡಬೇ" ಎಂದು ಚಹಾ ಕೊಟ್ಟು ಕಳಿಸಿದರು.

ಫೋಂಡಾದ ಮೇಸ್ತ್ರಿಯ ಹೆಂಡತಿ ಅಂಥವಳಲ್ಲ.

"ಯಕ್ಕಾ, ಇದು ಹುಡುಗನ ಕಾಕಾನ ಹೆಸರು. ನಿಂದು ಎಲ್ಲೂ ಇಲ್ಲ."

"ಕನ್ನಡಕ ಹಾಕ್ಕೊಂಡು ನೋಡ."

"ಹಾಕ್ಕೊಂಡೇ ಅದೀನಿ. ಕೇಳು."

ದೇವರ ಹೆಸರಿನಿಂದ ಪ್ರೆಸ್ಸಿನ ಹೆಸರಿನವರೆಗೂ ಓದಿದಳು. ಅವನಪ್ಪನ ತಮ್ಮ, ಆ ಕಾಕಾ, ಈ ಹುಡುಗನಿಗೆ ಒಂದು ಹಿಡಿ ಚುರುಮುರಿ ಕೊಟ್ಟವನಲ್ಲ.

ಸಂಜೆ ಮನೆಗೆ ಬಂದು ಕೇಳಿದೆ.

"ಗಂಡ ಸತ್ತವರ ಹೆಸರು ಬ್ಯಾಡಂದ್ರು, ಹುಡುಗಿ ಮನಿಯವ್ರು. ನೀ ನೊಂದ್ಕೋತಿ ಅಂತ ಹೇಳ್ಲಿಲ್ಲ."

"ಹೆಸರು ಬ್ಯಾಡ, ಮನಿ ಮನಿ ತಿರಗಾಕ ಕಾಲಷ್ಟ ಬೇಕೇನ?"

"ಇಲ್ಲಿ ಮಂದಿಗೆ ನಿನ್ನ ಗುರ್ತು ಐತಿ, ದೊಡವ್ವಾ. ನನ್ನ ಮಾತಿಗಿ ಯಾರ್ ಬರ್ತಾರ?"

ಹೆಸರು ಬಿಟ್ಟಿದ್ದನ್ನಾದರೂ ನುಂಗಿಕೊಳ್ಳುತ್ತಿದ್ದೆ. ವಿಧವೆಗೆ ಅದೇನು ಹೊಸದಲ್ಲ. ನನ್ನ ಬೆರಳು ಹಿಡಿದು ಸುಳ್ಳಿನ ಮೇಲೆ ಇಟ್ಟನಲ್ಲ, ಅದನ್ನು ನುಂಗಲಾಗಲಿಲ್ಲ. ಅವನಿಗೂ ಹೇಳಿದೆ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಲಿಲ್ಲ. ಕರೆದ ಮನೆಗಳಿಗೇ ಮತ್ತೆ ಹೋಗಿ, "ನಾ ಕರ್ದದ್ದು ವಾಪಸ್ ತಗೊಂಡೇನ್ರಿ. ಹೆಸರಿದ್ದವರು ಬಂದು ಕರದ್ರ ಹೋಗ್ರಿ" ಎಂದು ಹೇಳಿ, ಕೊಟ್ಟ ಪತ್ರಿಕೆಗಳನ್ನು ಇಸಿದುಕೊಂಡು ಬಂದೆ.